ನೀಲಿ ಬಣ್ಣ ಬಯಲು ಮಾಡುವ ಗುಟ್ಟು

ಮಲದ ಮಾತೆತ್ತಿದರೆ ಮೂಗು ಮುರಿಯುವವರೇ ಹೆಚ್ಚು. ಆದರೆ ದೊಡ್ಡ ಕರುಳಿನ ಕ್ಯಾನ್ಸರಿನ ಮೊದಲ ಸುಳಿವು ಎಷ್ಟೋ ವೇಳೆ ಅಡಗಿರುವುದು ಅಲ್ಲೇ, ಕಣ್ಣಿಗೆ ಕಾಣದಷ್ಟು ರಕ್ತದ ರೂಪದಲ್ಲಿ.

ಆ ರಕ್ತವನ್ನು ಮೊದಲು ಹಿಡಿದುಕೊಟ್ಟದ್ದು ಒಂದು ಮರದ ಅಂಟು ಎಂಬುದು ಸೋಜಿಗ. ವೆಸ್ಟ್ ಇಂಡೀಸ್‌ನ ಗ್ವಾಯಾಕಮ್ ಮರವನ್ನು 16ನೇ ಶತಮಾನದ ಯೂರೋಪು ಸಿಫಿಲಿಸ್ ರೋಗಕ್ಕೆ ಮದ್ದೆಂದು ನಂಬಿತ್ತು. ರೋಗವೇನೋ ವಾಸಿಯಾಗಲಿಲ್ಲ. ಆದರೆ ಈ ಮರದ ರಾಳಕ್ಕೆ ಉತ್ಕರ್ಷಕ ವಸ್ತು ಬೆರೆತಾಗ ರಕ್ತದ ಅಂಶವಿದ್ದರೆ ಅದು ನೀಲಿಗೆ ತಿರುಗುತ್ತದೆಂದು 1860ರ ದಶಕದಲ್ಲಿ ಡಚ್ ವೈದ್ಯ ವಾನ್ ಡೀನ್ ತೋರಿಸಿದ. ಅಮೆರಿಕದ ಓಹಿಯೋದ ವೈದ್ಯ ಡೇವಿಡ್ ಗ್ರೀಗರ್ 1967ರಲ್ಲಿ, ರಾಳ ಸವರಿದ ಕಾಗದದ ಕಾರ್ಡನ್ನು ರೋಗಲಕ್ಷಣವಿಲ್ಲದವರ ತಪಾಸಣೆಗೆ ಬಳಸಿದ ವರದಿ ಪ್ರಕಟಿಸಿದ.

ಇದರಿಂದ ಜೀವ ಉಳಿದೀತೇ? ಮಿನ್ನೆಸೋಟದಲ್ಲಿ 46,551 ಜನರ ಮೇಲೆ ನಡೆದ ಅಧ್ಯಯನ 1993ರಲ್ಲಿ ಉತ್ತರ ಕೊಟ್ಟಿತು: ವರ್ಷಕ್ಕೊಮ್ಮೆ ತಪಾಸಣೆಗೊಳಗಾದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಮೂರನೇ ಒಂದು ಭಾಗದಷ್ಟು ಇಳಿದಿತ್ತು.

ಹಳೆಯ ಕಾರ್ಡಿಗೊಂದು ಪೇಚಿತ್ತು. ತಿಂದ ಮಾಂಸ, ಅಷ್ಟೇಕೆ, ಹಸಿ ಮೂಲಂಗಿಯೂ ಅದನ್ನು ಮೋಸಗೊಳಿಸಬಲ್ಲದು! ಈಗಿನ 'ಫಿಟ್' ಪರೀಕ್ಷೆ ಮನುಷ್ಯನ ಹಿಮೋಗ್ಲೋಬಿನ್ ಅನ್ನು ಮಾತ್ರ ಗುರುತಿಸುತ್ತದೆ, ಪಥ್ಯ ಬೇಕಿಲ್ಲ.

ರಕ್ತ ಸಿಕ್ಕಿತೆಂದರೆ ಕ್ಯಾನ್ಸರೇ ಎಂದಲ್ಲ, ಮೂಲವ್ಯಾಧಿಯೂ ಇರಬಹುದು. ತೀರ್ಮಾನವಾಗುವುದು ಕೊಲೊನೋಸ್ಕೊಪಿಯಲ್ಲಿ. ಮುಂದೆ ಕ್ಯಾನ್ಸರಾಗಬಹುದಾದ ಗಂಟು (ಪಾಲಿಪ್) ಕಂಡರೆ ಆಗಲೇ ಕತ್ತರಿಸಿ ತೆಗೆಯುತ್ತಾರೆ. ರಕ್ತ ಸಿಗಲಿಲ್ಲವೆಂದು ನಿಶ್ಚಿಂತರಾಗುವಂತೆಯೂ ಇಲ್ಲ; ಗಂಟು ದಿನವೂ ಒಸರುವುದಿಲ್ಲ. ಆದ್ದರಿಂದಲೇ ಇಂಗ್ಲೆಂಡಿನಲ್ಲಿ ನಿಗದಿತ ವಯಸ್ಸಿನವರ ಮನೆಗೆ ಎರಡು ವರ್ಷಕ್ಕೊಮ್ಮೆ ಈ ಕಿಟ್ ಅಂಚೆಯಲ್ಲೇ ಬರುತ್ತದೆ.