ಕೆಂಪು ಹಳ್ಳದ ಊರು



ಯುರೋಪಿನ ಭೂಪಟವನ್ನು ಮುಂದೆ ಹರಡಿಕೊಂಡರೆ ಅದರ ಆಗ್ನೇಯ ಭಾಗದಲ್ಲಿ, ಕಪ್ಪು ಸಮುದ್ರವನ್ನು ಮುಟ್ಟಿಕೊಂಡು ರೊಮೇನಿಯ ದೇಶ ಕಾಣುತ್ತದೆ. ಆ ದೇಶದ ನಡುವೆ ಕಾರ್ಪೇಥಿಯನ್ ಪರ್ವತಸಾಲು ಬಿಲ್ಲಿನಂತೆ ಬಾಗಿದೆ. ಬಿಲ್ಲಿನ ಪಶ್ಚಿಮಕ್ಕೆ ಸ್ವಲ್ಪ ಬೇರೆಯಾಗಿ ಒಂದು ಬೆಟ್ಟಗಳ ಗುಂಪು ಇದೆ. ಅದರ ಹೆಸರು ಅಪುಸೇನಿ. ಸೂರ್ಯ ಮುಳುಗುವ ದಿಕ್ಕಿನ ಬೆಟ್ಟಗಳು, ಅಂದರೆ ಪಡುವಣ ಬೆಟ್ಟಗಳು ಎಂದು ಅರ್ಥ. ಆ ಬೆಟ್ಟಗಳೊಳಗಿನ ರೋಶಿಯ ಮೊಂತಾನ ಎಂಬ ಊರಿನ ವಿಷಯವನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ರೊಮೇನಿಯದಲ್ಲಿ ಹಳ್ಳಿಗಾಡಿನ ಆಡಳಿತದ ಘಟಕಕ್ಕೆ 'ಕೊಮೂನ' ಎನ್ನುತ್ತಾರೆ. ನಮ್ಮ ಗ್ರಾಮ ಪಂಚಾಯಿತಿ ಇದ್ದ ಹಾಗೆ ಎಂದು ತಿಳಿದುಕೊಳ್ಳಿ. ಹಲವು ಹಳ್ಳಿಗಳು ಸೇರಿ ಒಂದು ಕೊಮೂನ; ಅದಕ್ಕೆ ಜನರು ಆರಿಸಿದ ಒಬ್ಬ ಮೇಯರ್, ಒಂದು ಸಭೆ. ರೋಶಿಯ ಮೊಂತಾನ ಕೊಮೂನದಲ್ಲಿ 16 ಹಳ್ಳಿಗಳಿವೆ. ಬಯಲುಸೀಮೆಯವರಿಗೆ ಹಳ್ಳಿ ಎಂದರೆ ಗೋಡೆಗೆ ಗೋಡೆ ತಾಗಿದ ಕೇರಿ. ಇಲ್ಲಿ ಹಾಗಲ್ಲ. ಕಾಸರಗೋಡಿನ ಗುಡ್ಡಗಳಲ್ಲಿ ಒಂದು ಮನೆಯಿಂದ ಇನ್ನೊಂದು ಮನೆ ಕೂಗಳತೆಯ ದೂರದಲ್ಲಿ ಇರುತ್ತದಲ್ಲ, ಅದೇ ಬಗೆ. ಮುಖ್ಯ ಹಳ್ಳಿಯೊಂದು ಮಾತ್ರ ಪೇಟೆಯಂತೆ ಚೌಕ, ಕಲ್ಲಿನ ಮನೆ, ಎತ್ತರದ ಗೇಟುಗಳನ್ನು ಹೊಂದಿದೆ. ಎತ್ತರದಲ್ಲಿ ಇದು ಉದಕಮಂಡಲದ ಅರ್ಧವೂ ಇಲ್ಲ. ಆದರೆ ಭೂಮಧ್ಯರೇಖೆಯಿಂದ ಬಹಳ ಉತ್ತರಕ್ಕೆ ಇರುವುದರಿಂದ ಚಳಿಗಾಲದುದ್ದಕ್ಕೂ ಹಿಮ ಬೀಳುತ್ತದೆ, ಕೆರೆಗಳು ಹೆಪ್ಪುಗಟ್ಟುತ್ತವೆ.

'ರೋಶಿಯ' ಎಂದರೆ ಕೆಂಪು. ಹಂಗೇರಿ ಭಾಷೆಯವರು ಇದೇ ಊರನ್ನು ವೆರೆಶ್‌ಪಟಕ್ ಎನ್ನುತ್ತಾರೆ, ಕೆಂಪು ಹಳ್ಳ ಎಂದು ಅದರ ಅರ್ಥ. ಜರ್ಮನ್ನರು ಚಿನ್ನದ ಹಳ್ಳ ಎಂದು ಕರೆದರು. ಒಂದೇ ಊರಿಗೆ ಎರಡು ಮೂರು ಭಾಷೆಗಳಲ್ಲಿ ಹೆಸರಿರುವುದು ಗಡಿನಾಡಿನ ನಮಗೆ ಹೊಸದಲ್ಲ. ಅದರ ಕಾರಣವೂ ನಮಗೆ ಗೊತ್ತಿರುವಂಥದೇ: ಈ ಸೀಮೆ 1918ರವರೆಗೆ ಬೇರೆ ರಾಜ್ಯಕ್ಕೆ ಸೇರಿತ್ತು.

ಹಳ್ಳದ ನೀರು ಮಾತ್ರ ನಿಜವಾಗಿಯೂ ಕೆಂಪಗಿದೆ. ಇಲ್ಲಿನ ಬಂಡೆಯಲ್ಲಿ ಕಬ್ಬಿಣ ಮತ್ತು ಗಂಧಕ ಕೂಡಿದ ಖನಿಜವಿದೆ. ಬಂಡೆಯನ್ನು ಅಗೆದು ಗಾಳಿ ನೀರು ತಾಗುವಂತೆ ಮಾಡಿದಾಗ ಅದು ಆಮ್ಲವಾಗಿ ಕರಗುತ್ತದೆ, ಕಬ್ಬಿಣದ ತುಕ್ಕು ನೀರಿನ ಜೊತೆ ಹರಿಯುತ್ತದೆ. ಆ ನೀರು ಅಬ್ರೂದ್ ಎಂಬ ಹೊಳೆಗೆ, ಅಲ್ಲಿಂದ ಆರಿಯೆಶ್, ಮುರೆಶ್, ತಿಸಾ ನದಿಗಳ ಮೂಲಕ ಕೊನೆಗೆ ಡಾನ್ಯೂಬಿಗೆ ಸೇರುತ್ತದೆ. ಅಂದರೆ ಈ ಪುಟ್ಟ ಹಳ್ಳದಲ್ಲಿ ಏನು ಹರಿಯುತ್ತದೆ ಎಂಬುದು ಮೂರು ನಾಲ್ಕು ದೇಶಗಳಿಗೆ ಸಂಬಂಧಪಟ್ಟ ವಿಷಯ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬೆಟ್ಟದ ಈ ಜನರನ್ನು 'ಮೋತ್ಸಿ' ಎಂದು ಕರೆಯುತ್ತಾರೆ. ಬೇಸಾಯಕ್ಕೆ ಒಳ್ಳೆಯ ಭೂಮಿ ಇಲ್ಲ. ಒಂದಿಷ್ಟು ಆಲೂಗಡ್ಡೆ, ಮನೆ ಹಿಂದೆ ಹಣ್ಣಿನ ಮರ, ಹಟ್ಟಿಯಲ್ಲಿ ಹಸು. ಹಸು ಇದ್ದಮೇಲೆ ಹುಲ್ಲು ಬೇಕು. ಬೇಸಿಗೆಯಲ್ಲಿ ಇಳಿಜಾರಿನ ಹುಲ್ಲನ್ನು ಉದ್ದ ಹಿಡಿಯ ಕತ್ತಿಯಿಂದ ಕೊಯ್ದು, ಒಣಗಿಸಿ ಬಣವೆ ಒಟ್ಟುವುದೇ ವರ್ಷದ ದೊಡ್ಡ ಕೆಲಸ. ಉಳಿದಂತೆ ಕಾಡು ಅವರ ಜೀವನ. ಮರದ ತೊಟ್ಟಿ, ಬಾನಿಗಳನ್ನು ಮಾಡಿ, ಗಾಡಿಗೆ ಹೇರಿಕೊಂಡು ಬಯಲಿನ ಊರುಗಳಿಗೆ ಇಳಿದು, ಅವುಗಳ ಬದಲಿಗೆ ಕಾಳು ತರುತ್ತಿದ್ದರು. ತಂದ ಮುಸುಕಿನ ಜೋಳದ ಹಿಟ್ಟಿನಿಂದ 'ಮಮಲಿಗ' ಮಾಡುತ್ತಾರೆ. ಕುದಿಯುವ ನೀರಿಗೆ ಹಿಟ್ಟು ಸುರಿದು ಕೋಲಿನಿಂದ ತಿರುವಿ ಗಟ್ಟಿಯಾಗಿಸುವುದು. ಹೊಸೂರು, ಮಡಕಶಿರಾ ಕಡೆಯವರು ನೋಡಿದರೆ ಹಳದಿ ಬಣ್ಣದ ಮುದ್ದೆ ಎಂದಾರು. ಹಾಲು, ಗಿಣ್ಣು ಇದಕ್ಕೆ ಜೊತೆ. ಈ ಸೀಮೆಯ ಹೆಂಗಸರು 'ತುಲ್ನಿಕ್' ಎಂಬ ಆಳುದ್ದ ಮೀರಿದ ಮರದ ಕಹಳೆಯನ್ನು ಊದುತ್ತಾರೆ. ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟಕ್ಕೆ ಸುದ್ದಿ ಮುಟ್ಟಿಸಲು ಅದೇ ದಾರಿಯಾಗಿತ್ತು.

ಇಷ್ಟೇ ಆಗಿದ್ದರೆ ರೋಶಿಯ ಮೊಂತಾನ ಹತ್ತರಲ್ಲಿ ಹನ್ನೊಂದನೆಯ ಬೆಟ್ಟದ ಊರಾಗಿರುತ್ತಿತ್ತು. ಇಲ್ಲಿ ಚಿನ್ನವಿತ್ತು.

ಕ್ರಿ.ಶ. 106ರಲ್ಲಿ ರೋಮನ್ ಚಕ್ರವರ್ತಿ ಟ್ರಾಜನ್ ಈ ನಾಡನ್ನು ಗೆದ್ದ. ರೋಮನ್ನರು ಇಲ್ಲಿ ಕಟ್ಟಿದ ಗಣಿ ಊರಿನ ಹೆಸರು ಅಲ್ಬುರ್ನುಸ್ ಮಾಯೋರ್. ಕೆಲಸ ಬಲ್ಲ ಗಣಿಗಾರರನ್ನು ಏಡ್ರಿಯಾಟಿಕ್ ಸಮುದ್ರದ ಕಡೆಯಿಂದ ಕರೆತಂದರು. ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಸೀಳಿ, ಉಳಿಯಿಂದ ಕೊರೆದ ಅವರ ಸುರಂಗಗಳಲ್ಲಿ ಏಳು ಕಿಲೋಮೀಟರಿನಷ್ಟು ಇಂದಿಗೂ ಗುರುತಿಗೆ ಸಿಗುತ್ತವೆ. ಆದರೆ ನನಗೆ ಸುರಂಗಕ್ಕಿಂತ ಹೆಚ್ಚು ಅಚ್ಚರಿ ತಂದುದು ಅದರೊಳಗೆ ಸಿಕ್ಕಿದ ಹಲಗೆಗಳು. 18 ಮತ್ತು 19ನೆಯ ಶತಮಾನಗಳಲ್ಲಿ ಗಣಿಯೊಳಗೆ ಮೇಣ ಬಳಿದ ಮರದ ಹಲಗೆಗಳು ದೊರೆತವು. ಮೇಣದ ಮೇಲೆ ಮೊನೆಯಿಂದ ಗೀಚಿದ ಅಕ್ಷರ. ಸಾಲಪತ್ರ, ಮನೆ ಮಾರಾಟದ ಪತ್ರ, ಗುಲಾಮರನ್ನು ಕೊಂಡ ಪತ್ರ, ಕೂಲಿಯ ಕರಾರು. ಇವುಗಳಲ್ಲಿ ಒಂದು ಹಲಗೆಯ ತಾರೀಖು 131ನೆಯ ಇಸವಿಯ ಫೆಬ್ರವರಿ 6. ಊರಿನ ಹೆಸರು ಬರಹದಲ್ಲಿ ಮೊದಲು ಕಾಣುವುದು ಅಲ್ಲಿಯೇ.

164ನೆಯ ಇಸವಿಯ ಕರಾರೊಂದನ್ನು ಕೇಳಿ. ಮೆಮ್ಮಿಯುಸ್ ಎಂಬವನು ಮೇ ತಿಂಗಳಿನಿಂದ ನವೆಂಬರ್ ನಡುವಿನವರೆಗೆ ಚಿನ್ನದ ಗಣಿಯಲ್ಲಿ ದುಡಿಯಲು ಒಪ್ಪಿಕೊಂಡ. ಕೂಲಿ 70 ಬೆಳ್ಳಿ ನಾಣ್ಯ. ಅವನಿಗೆ ಓದು ಬರಹ ಬಾರದ ಕಾರಣ ಬೇರೊಬ್ಬ ಬರೆದುಕೊಟ್ಟಿದ್ದಾನೆ. ಗಣಿಯಲ್ಲಿ ನೀರು ನುಗ್ಗಿ ಕೆಲಸ ನಿಂತರೆ ಆ ಲೆಕ್ಕಕ್ಕೆ ತಕ್ಕಂತೆ ಕೂಲಿ ಕಡಿತ ಎಂಬ ಷರತ್ತೂ ಇದೆ. ನೀರು ನುಗ್ಗಿದರೆ ಜೀವವೂ ಹೋಗಬಹುದು, ಕೂಲಿಯೂ ಹೋಗುತ್ತದೆ! ಯಜಮಾನರ ಲೆಕ್ಕ ಆಗಲೂ ಹಾಗೆಯೇ ಇತ್ತು.

ಮೂರು ವರ್ಷದ ನಂತರದ ಇನ್ನೊಂದು ಹಲಗೆ, 167ನೆಯ ಇಸವಿಯದು. ಗಣಿಯೂರಿನವರು ಸತ್ತವರ ಮಣ್ಣಿನ ಖರ್ಚಿಗೆಂದು ಒಂದು ಸಂಘ ಮಾಡಿಕೊಂಡಿದ್ದರು, ನಮ್ಮಲ್ಲಿ ಚೀಟಿ ಹಾಕುವಂತೆ. ಆ ಸಂಘವನ್ನು ಮುಚ್ಚಿದ ಪ್ರಕಟಣೆ ಇದು. 54 ಮಂದಿ ಇದ್ದ ಸಂಘದಲ್ಲಿ 17 ಮಂದಿ ಮಾತ್ರ ಉಳಿದಿದ್ದಾರೆ; ಪದಾಧಿಕಾರಿಯೊಬ್ಬ ಈ ಕಡೆ ತಲೆಹಾಕಿಯೇ ಇಲ್ಲ; ಪೆಟ್ಟಿಗೆಯಲ್ಲಿ ಹಣವಿಲ್ಲ; ಇನ್ನು ಯಾರಾದರೂ ಸತ್ತರೆ ಸಂಘದಿಂದ ಏನನ್ನೂ ನಿರೀಕ್ಷಿಸಬೇಡಿ ಎಂದು ಅದು ತಿಳಿಸುತ್ತದೆ. ಊರು ಬಿಟ್ಟು ಜನ ಹೋಗುವುದು ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಹಳೆಯ, ಇದಕ್ಕಿಂತ ನೇರವಾದ ಕಾಗದ ಸಿಗುವುದು ಕಷ್ಟ.

ರೋಮನ್ನರು ಹೋದರು. ಶತಮಾನಗಳ ನಂತರ ಊರಿನವರೇ ಬಂಡೆ ಕೊರೆದರು. 18, 19ನೆಯ ಶತಮಾನಗಳಲ್ಲಿ ಇಲ್ಲಿ ಬೆಳೆದ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೆರೆ ಒನಕೆಗಳನ್ನು ಬಲ್ಲ ನಮಗೆ ಅದು ತಟ್ಟನೆ ಅರ್ಥವಾಗುತ್ತದೆ. ಒಂದೊಂದು ಕುಟುಂಬಕ್ಕೆ, ಇಲ್ಲವೇ ನಾಲ್ಕಾರು ನೆಂಟರಿಗೆ ಸೇರಿ ಒಂದು ಸಣ್ಣ ಗಣಿ. ಒಡೆದ ಅದಿರನ್ನು ಕುದುರೆಗಳ ಬೆನ್ನಿನ ಬುಟ್ಟಿಗಳಲ್ಲಿ ಕಣಿವೆಗೆ ಇಳಿಸುತ್ತಿದ್ದರು. ಕಣಿವೆಯಲ್ಲಿ ಹಳ್ಳದ ಉದ್ದಕ್ಕೂ 'ಶ್ಟ್ಯಾಂಪ್' ಎಂಬ ಕುಟ್ಟುವ ಯಂತ್ರಗಳು. ನೀರಿನಿಂದ ತಿರುಗುವ ಮರದ ಚಕ್ರ, ಅದರ ಅಚ್ಚಿಗೆ ಹಲ್ಲುಗಳು, ಆ ಹಲ್ಲುಗಳು ಸಾಲಾಗಿ ನಿಂತ ಭಾರದ ಒನಕೆಗಳನ್ನು ಒಂದಾದ ಮೇಲೊಂದು ಎತ್ತಿ ಬಿಡುತ್ತವೆ. ಅದಿರು ಪುಡಿಯಾಗುತ್ತದೆ. ಆ ಪುಡಿಯನ್ನು ಮರದ ಮೊರದಂಥ ಪಾತ್ರೆಯಲ್ಲಿ ನೀರಿನೊಡನೆ ಜಾಲಿಸಿದರೆ ಹಗುರವಾದ ಕಲ್ಲು ಹರಿದುಹೋಗಿ ಭಾರದ ಚಿನ್ನ ತಳದಲ್ಲಿ ನಿಲ್ಲುತ್ತದೆ.

ಚಕ್ರ ತಿರುಗಲು ನೀರು ಬೇಕಲ್ಲ? ಮಲೆಯ ಹಳ್ಳಗಳು ಬೇಸಿಗೆಯಲ್ಲಿ ಬಡಕಲು. ಅದಕ್ಕಾಗಿ ಬೆಟ್ಟದ ಮೇಲ್ಭಾಗದಲ್ಲಿ ಏರಿ ಕಟ್ಟಿ ಹತ್ತಾರು ಕೆರೆಗಳನ್ನು ಮಾಡಿದರು. ಕರಗಿದ ಹಿಮದ ನೀರು, ಮಳೆ ನೀರು ಅಲ್ಲಿ ನಿಂತು, ತೂಬಿನ ಮೂಲಕ ಕೆಳಗಿಳಿದು ಒಂದಾದ ಮೇಲೊಂದು ಚಕ್ರವನ್ನು ತಿರುಗಿಸುತ್ತಿತ್ತು. ಈ ಕೆರೆಗಳಲ್ಲಿ ಕೆಲವು ಇಂದಿಗೂ ಇವೆ. ಬೇಸಿಗೆಯಲ್ಲಿ ಮಕ್ಕಳು ಅವುಗಳಲ್ಲಿ ಈಜುತ್ತಾರೆ, ದೊಡ್ಡವರು ಗಾಳ ಹಾಕಿ ಕೂರುತ್ತಾರೆ. ಅವು ದೇವರು ಕೊಟ್ಟ ಕೆರೆಗಳೆಂದು ನೋಡಿದವರಿಗೆ ಅನ್ನಿಸಿದರೆ ತಪ್ಪಲ್ಲ.

ಗಣಿಯ ಕೆಲಸಕ್ಕೆ ನಾನಾ ಕಡೆಯ ಜನ ಬಂದುದರಿಂದ ಒಂದೇ ಕಣಿವೆಯಲ್ಲಿ ಐದು ಪಂಗಡಗಳ ಚರ್ಚುಗಳು ಎದ್ದವು: ಆರ್ಥೊಡಾಕ್ಸ್, ಗ್ರೀಕ್ ಕ್ಯಾಥೊಲಿಕ್, ರೋಮನ್ ಕ್ಯಾಥೊಲಿಕ್, ಯೂನಿಟೇರಿಯನ್, ಕ್ಯಾಲ್ವಿನಿಸ್ಟ್. ರೊಮೇನಿಯನ್, ಹಂಗೇರಿಯನ್, ಜರ್ಮನ್ ಮಾತುಗಳು ಒಂದೇ ಚೌಕದಲ್ಲಿ ಕೇಳುತ್ತಿದ್ದವು.

1948ರಲ್ಲಿ ಕಮ್ಯೂನಿಸ್ಟ್ ಸರಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. ಮನೆತನದ ಗಣಿಗಳು ಹೋದವು, ಒನಕೆಗಳ ಸದ್ದು ನಿಂತಿತು. ನಿನ್ನೆಯ ಒಡೆಯ ಇಂದು ಸಂಬಳದ ಕೆಲಸಗಾರನಾದ. 1970ರ ದಶಕದಲ್ಲಿ ಸುರಂಗ ಬಿಟ್ಟು ಬೆಟ್ಟವನ್ನೇ ಮೇಲಿನಿಂದ ಸಿಡಿಸುವ ತೆರೆದ ಗಣಿ ಬಂತು. 'ಕೋಟೆ' ಎಂಬ ಅರ್ಥದ ಚೆತಾತೆ ಎಂಬ ಬೆಟ್ಟ, ಅದರೊಳಗಿನ ರೋಮನ್ ಕೆಲಸಗಳ ಸಮೇತ ಬಹುಪಾಲು ಮಾಯವಾಯಿತು. ಯುರೋಪಿಯನ್ ಒಕ್ಕೂಟಕ್ಕೆ ರೊಮೇನಿಯ ಸೇರುವ ಹೊತ್ತಿಗೆ ಸರಕಾರದ ಸಹಾಯಧನ ನಿಂತು, 2006ರಲ್ಲಿ ಈ ಗಣಿಯೂ ಮುಚ್ಚಿತು. ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಅಲ್ಲಿಯ ಬೀದಿಗಳನ್ನು ಕಂಡವರಿಗೆ ಇಲ್ಲಿಯ ಮೌನ ಹೇಗಿತ್ತೆಂದು ವಿವರಿಸಬೇಕಾಗಿಲ್ಲ.

ಗಣಿ ಮುಚ್ಚುವ ಮೊದಲೇ ಗೇಬ್ರಿಯಲ್ ರಿಸೋರ್ಸಸ್ ಎಂಬ ಕೆನಡಾದ ಕಂಪನಿ ಬಂದಿತ್ತು. ಸರಕಾರವೂ ಅದರಲ್ಲಿ ಪಾಲುದಾರ. ಅದರ ಯೋಜನೆಯ ಗಾತ್ರ ನೋಡಿ: ಸುಮಾರು 300 ಟನ್ ಚಿನ್ನ, 1,600 ಟನ್ ಬೆಳ್ಳಿ, ತೆಗೆಯುವ ಅವಧಿ 16 ವರ್ಷ. ಅದಕ್ಕೆ ನಾಲ್ಕು ಬೆಟ್ಟಗಳನ್ನು ಅಗೆಯಬೇಕು. ಪುಡಿಮಾಡಿದ ಅದಿರಿನಿಂದ ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯಬೇಕು. ಕೋಲಾರದಲ್ಲಿ, ಹಟ್ಟಿಯಲ್ಲಿ ನಡೆದುದೂ ಇದೇ ವಿಧಾನ. ಉಳಿದ ಕೆಸರನ್ನು ಕೋರ್ನ ಎಂಬ ಹಳ್ಳಿಯಿದ್ದ ಕಣಿವೆಯಲ್ಲಿ 180 ಮೀಟರಿಗೂ ಎತ್ತರದ ಅಣೆಕಟ್ಟೆಯ ಹಿಂದೆ ನಿಲ್ಲಿಸಬೇಕು. ಹಳ್ಳಿ, ಚರ್ಚು, ಸ್ಮಶಾನ ಎಲ್ಲವೂ ಆ ಜಾಗದೊಳಗೆ ಬರುತ್ತಿದ್ದವು.

ಕಂಪನಿ ಮನೆಗಳನ್ನು ಕೊಳ್ಳತೊಡಗಿತು. ಒಳ್ಳೆಯ ಬೆಲೆ ಬಂದಾಗ ಮಾರಿದವರನ್ನು ದೂರುವಂತಿಲ್ಲ. ಕೆಲಸವಿಲ್ಲ, ಮಕ್ಕಳ ಮುಂದಿನ ದಾರಿ ಕಾಣದು, ಪಕ್ಕದ ಮನೆ ಆಗಲೇ ಬೀಗ ಹಾಕಿದೆ. ಅನೇಕರು ಜಿಲ್ಲಾ ಕೇಂದ್ರವಾದ ಆಲ್ಬ ಯೂಲಿಯದಲ್ಲಿ ಕಂಪನಿ ಕಟ್ಟಿಸಿದ ಹೊಸ ಬಡಾವಣೆಗೆ ಹೋದರು. ಇತ್ತ 2002ರಲ್ಲಿ ಕೊಮೂನದ ಭೂಯೋಜನೆಯನ್ನೇ ಗಣಿಗಾರಿಕೆಗೆ ಹೊಂದಿಸಿ ಬದಲಾಯಿಸಿದ್ದರಿಂದ ಉಳಿದವರು ಒಂದು ವಸತಿಗೃಹ ತೆರೆಯುವುದೂ ಕಷ್ಟವಾಯಿತು. ಗಣಿಯಲ್ಲದೆ ಬೇರೆ ಗತಿಯಿಲ್ಲ ಎಂಬ ಮಾತು ಹೀಗೆ ತಾನಾಗಿಯೇ ನಿಜವಾಗುತ್ತಾ ಹೋಯಿತು.

ಆದರೂ ಕೆಲವರು ಮಾರಲಿಲ್ಲ. 2000ದಲ್ಲಿ ಅವರು ಸಂಘ ಕಟ್ಟಿಕೊಂಡರು, ಹಳೆಯ ರೋಮನ್ ಊರಿನ ಹೆಸರನ್ನೇ ಅದಕ್ಕೆ ಇಟ್ಟರು. ಅದೇ ವರ್ಷ ಜನವರಿ 30ರಂದು ದೇಶದ ಉತ್ತರದ ಬಾಯಾ ಮಾರೆ ಎಂಬಲ್ಲಿ ಗಣಿ ಕೆಸರಿನ ಕಟ್ಟೆಯೊಂದು ಒಡೆದು ಸುಮಾರು ಒಂದು ಲಕ್ಷ ಘನ ಮೀಟರ್ ಸೈನೈಡ್ ನೀರು ತಿಸಾ ನದಿಗೆ ನುಗ್ಗಿತು. ಹಂಗೇರಿಯ ದಡದಲ್ಲಿ ಸತ್ತ ಮೀನುಗಳನ್ನು ಟನ್ನುಗಟ್ಟಲೆ ಎತ್ತಬೇಕಾಯಿತು. ಕೆಂಪು ಹಳ್ಳವೂ ಅದೇ ತಿಸಾ ನದಿಯನ್ನು ಸೇರುತ್ತದೆ ಎಂದು ಆಗಲೇ ಹೇಳಿದೆನಲ್ಲ. ಅಷ್ಟೇ ಅಲ್ಲ, ನೆರೆಯ ಲೂಪ್ಶ ಕೊಮೂನದ ಜಾಮನ ಎಂಬ ಹಳ್ಳಿಯನ್ನು 1970ರ ದಶಕದ ಕೊನೆಯಲ್ಲಿ ತಾಮ್ರದ ಗಣಿಯ ಕೆಸರಿಗಾಗಿ ತೆರವುಮಾಡಿಸಿದ್ದರು. ಅಲ್ಲಿ ಕೆಸರಿನ ಮೇಲೆ ಚರ್ಚಿನ ಗೋಪುರ ಚಾಚಿಕೊಂಡಿರುವುದು ಇವರ ಕಣ್ಣ ಮುಂದೆಯೇ ಇತ್ತು.

ಮನೆಮನೆಯಲ್ಲಿ ಜಗಳ ಹೊಕ್ಕಿತು. ಅಣ್ಣ ಗಣಿ ಬೇಕೆಂದರೆ ತಮ್ಮ ಬೇಡವೆಂದ. 2013ರಲ್ಲಿ ಸರಕಾರ ಈ ಗಣಿಗಾಗಿಯೇ ಒಂದು ಮಸೂದೆ ತಂದಾಗ ಬುಖಾರೆಸ್ಟ್, ಕ್ಲೂಜ್ ನಗರಗಳಲ್ಲಿ ಸಹಸ್ರಾರು ಜನ ವಾರವಾರವೂ ಬೀದಿಗಿಳಿದರು. ಅದೇ ಸೆಪ್ಟೆಂಬರಿನಲ್ಲಿ ರೋಶಿಯ ಮೊಂತಾನದ ಕೆಲವು ಕಾರ್ಮಿಕರು, ನಮಗೆ ಕೆಲಸ ಬೇಕು ಎಂದು ಗಣಿಯೊಳಗೆ ಹೋಗಿ ಕುಳಿತರು. ಈ ಎರಡನೆಯ ಸುದ್ದಿಯನ್ನು ಊರಿನ ಕಥೆ ಹೇಳುವವರು ಎಷ್ಟೋ ಸಲ ಬಿಟ್ಟುಬಿಡುತ್ತಾರೆ. ಬಿಡಬಾರದು.

ಸಂಸತ್ತು 2014ರಲ್ಲಿ ಮಸೂದೆಯನ್ನು ಕೊನೆಯದಾಗಿ ತಿರಸ್ಕರಿಸಿತು. 2021ರ ಜುಲೈನಲ್ಲಿ ಯುನೆಸ್ಕೊ ಈ ಗಣಿ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೂ, ಅದೇ ದಿನ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿಸಿತು. ಪರಿಹಾರ ಕೇಳಿ ಕಂಪನಿ 2015ರಲ್ಲಿ ಹೂಡಿದ್ದ ಅಂತರರಾಷ್ಟ್ರೀಯ ದಾವೆಯನ್ನು ನ್ಯಾಯಮಂಡಳಿ 2024ರ ಮಾರ್ಚ್‌ನಲ್ಲಿ ತಳ್ಳಿಹಾಕಿತು.

ಬೆಟ್ಟ ಉಳಿಯಿತು. ಆದರೆ ಊರು ಅಷ್ಟರಲ್ಲಿ ಬರಿದಾಗಿತ್ತು. 2011ರ ಜನಗಣತಿಯ ಹೊತ್ತಿಗೇ ಹದಿನಾರು ಹಳ್ಳಿಗಳಲ್ಲಿ ಒಟ್ಟು ಮೂರು ಸಾವಿರ ಜನವೂ ಇರಲಿಲ್ಲ. ಕೊಂಡು ಬಿಟ್ಟ ಮನೆಗಳ ಚಾವಣಿ ಹಿಮದ ಭಾರಕ್ಕೆ ಕುಸಿದವು, ಕೆಲವನ್ನು ಕೆಡವಿಯೇ ಬಿಟ್ಟಿದ್ದರು. 2012ರಿಂದ ವಾಸ್ತುಶಿಲ್ಪಿಗಳ ತಂಡವೊಂದು ಬೇಸಿಗೆಯಲ್ಲಿ ಸ್ವಯಂಸೇವಕರನ್ನು ಕರೆತಂದು ಒಂದೊಂದೇ ಮನೆಯನ್ನು ಸುಣ್ಣ ಮರದ ಹಳೆಯ ಪದ್ಧತಿಯಲ್ಲೇ ದುರಸ್ತಿ ಮಾಡುತ್ತಾ ಬಂದಿದೆ. ಊರಿನ ಹೆಂಗಸರು ಮನೆಯಲ್ಲೇ ಕೂತು ಉಣ್ಣೆಯ ಕಾಲುಚೀಲ, ಟೋಪಿ ಹೆಣೆದು ದೇಶವಿಡೀ ಮಾರುವ ಉದ್ಯಮವೊಂದು ನೆಲೆಗೊಂಡಿದೆ. ಗಣಿಯ ಸಂಬಳಕ್ಕೆ ಅದು ಸಮನಲ್ಲ. ಆದರೆ ತಿಂಗಳಿಗೆ ನಾಲ್ಕು ಕಾಸು ಮನೆಗೆ ಬರುತ್ತದೆ.

ಹೋಗಿ ನೋಡುವ ಅವಕಾಶ ಯಾರಿಗಾದರೂ ಬಂದರೆ, ಓರ್ಲೆಯ ಬೆಟ್ಟದಡಿ ಗಣಿಯ ವಸ್ತುಸಂಗ್ರಹಾಲಯವಿದೆ. ಅಲ್ಲಿಂದ 157 ಮೆಟ್ಟಿಲು ಇಳಿದರೆ ರೋಮನ್ನರ ಸುರಂಗ. ಮೇಲೆ ಕಿರಿದು, ಕೆಳಗೆ ಅಗಲ. ಗೋಡೆಯ ಮೇಲೆ ಉಳಿಯ ಗೀರುಗಳು ನಿನ್ನೆ ಎಳೆದಂತೆ ಇವೆ. ಒಳಗೆ ಬಹಳ ತಣ್ಣಗಿರುತ್ತದೆ, ಬೇಸಿಗೆಯಾದರೂ ಸ್ವೆಟರ್ ಹಾಕಿಕೊಂಡೇ ಇಳಿಯಬೇಕು.