ಗೋಡೆ ಮೇಲಿರೋ ಇವರೆಲ್ಲ ಯಾರು?

ಹೋದ ಬೇಸಿಗೆಯಲ್ಲಿ ನಿಟ್ಟೂರಿಗೆ, ಅಕ್ಕನ ಮನೆಗೆ ಹೋಗಿದ್ದೆ. ತುಮಕೂರು, ಗುಬ್ಬಿ ದಾಟಿ ರೈಲು ಇಳಿದು ತೆಂಗಿನ ತೋಟಗಳ ಮಧ್ಯೆ ನಡೆದು ಮನೆ ಸೇರೋ ಹೊತ್ತಿಗೆ ಬೆವರು ಕಿತ್ತುಕೊಂಡು ಬಂದಿತ್ತು. ಕಾಫಿ ಲೋಟ ಕೈಗೆ ಕೊಡೋಕೂ ಮುಂಚೆ ಅಕ್ಕನ ದೂರು ಶುರು.

“ನೋಡು ಬಾರೆ ನಿನ್ನ ಮುದ್ದಿನ ಮಗಳ ಕಥೇನ. ಪಿಯುಸೀಲಿ ಅಷ್ಟು ಚೆನ್ನಾಗಿ ಮಾರ್ಕ್ಸ್ ತೆಗೆದಿದಾಳೆ. ಸಿಇಟಿನೂ ಬರೆದಾಯ್ತು. ಈಗ ನೋಡಿದ್ರೆ ಇಂಜಿನಿಯರಿಂಗ್ ಬೇಡ, ಚಿತ್ರ ಕಲೀತೀನಿ ಅಂತಾಳೆ! ಅವರಪ್ಪ ಎರಡು ದಿನದಿಂದ ನೆಟ್ಟಗೆ ಮಾತಾಡ್ತಿಲ್ಲ. ಚಿತ್ರ ಬರ್ಕೊಂಡು ಹೊಟ್ಟೆ ತುಂಬುತ್ತೇನೆ?”

ಅರ್ಜಿ ಹಾಕೋಕೆ ಉಳಿದಿದ್ದು ಹತ್ತೇ ದಿನ. ಪೋಷಕರ ಸಹಿ ಬೇಕು. ಭಾವ ಹಾಕಲ್ಲ ಅಂದಿದ್ದಾರೆ.

ನಾನೇನು ಪಂಚಾಯ್ತಿ ಮಾಡೋಕೆ ಹೋಗಿರಲಿಲ್ಲ. ಸುಮ್ಮನೆ ಹುಡುಗಿಯ ಕೋಣೆಗೆ ಹೋದೆ. ಓದೋ ಮೇಜಿನ ಮೇಲೆ ಗೋಡೆಗೆ ರಸಾಯನಶಾಸ್ತ್ರದ ಚಾರ್ಟು, ಅದರ ಸುತ್ತ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದ ಐದಾರು ಫೋಟೊ. ಸಿನಿಮಾ ಹೀರೊಗಳಲ್ಲ, ಕ್ರಿಕೆಟಿಗರೂ ಅಲ್ಲ. “ಇವರೆಲ್ಲ ಯಾರೇ?” ಅಂದೆ. ಅಷ್ಟು ಕೇಳಿದ್ದೇ ತಡ, ರಾತ್ರಿ ಊಟಕ್ಕೆ ಕರೆಯುವವರೆಗೂ ಮಾತು ನಿಲ್ಲಲಿಲ್ಲ!

ನಿಮ್ಮ ಮನೆಯಲ್ಲೂ ಪುಸ್ತಕದ ಹಿಂದಿನ ಪುಟದಲ್ಲೆಲ್ಲ ಚಿತ್ರ ಗೀಚೋ ಮಗು ಇದ್ದರೆ, ‘ಮುಂದೇನು ಮಾಡ್ತೀಯ’ ಅಂತ ಕೇಳೋ ಮುಂಚೆ ‘ಯಾರ ಚಿತ್ರ ಇಷ್ಟ, ಯಾಕೆ’ ಅಂತ ಕೇಳಿ ನೋಡಿ. ಆ ಉತ್ತರದಲ್ಲಿ ಮಗು ಏನಾಗಬೇಕು ಅಂದುಕೊಂಡಿದೆ ಅನ್ನೋದು ಅರ್ಧ ಗೊತ್ತಾಗಿಬಿಡುತ್ತೆ.

ಸೀಟು ಸಿಗದ ಲಕ್ಷ್ಮಣ್

ಗೋಡೆಯಲ್ಲಿ ಮೊದಲನೆಯವರು ಆರ್.ಕೆ. ಲಕ್ಷ್ಮಣ್. ನಮಗೆಲ್ಲ ಗೊತ್ತಿರೋರೇ. ‘ಮಾಲ್ಗುಡಿ ಡೇಸ್’ ಧಾರಾವಾಹಿ ಶುರುವಾಗುವಾಗ ಬರೋ ಚಿತ್ರಗಳು ಅವರದ್ದೇ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಮುಂಬೈನ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಸೇರಿಸಿಕೊಳ್ಳುವಷ್ಟು ಪ್ರತಿಭೆ ಇವರ ಚಿತ್ರಗಳಲ್ಲಿ ಇಲ್ಲ ಅಂತ ಉತ್ತರ ಬಂತು. ಲಕ್ಷ್ಮಣ್ ಮೈಸೂರಿನಲ್ಲೇ ಬಿಎ ಓದಿದರು. ರಾಶಿಯವರ ‘ಕೊರವಂಜಿ’ಗೆ ವ್ಯಂಗ್ಯಚಿತ್ರ ಬರೆದರು. ಆಮೇಲೆ ಅದೇ ಮುಂಬೈಗೆ ಹೋಗಿ, ಚೌಕಳಿ ಕೋಟಿನ ‘ಶ್ರೀಸಾಮಾನ್ಯ’ನನ್ನು ಹುಟ್ಟುಹಾಕಿ ದಶಕಗಳ ಕಾಲ ದೇಶವನ್ನೇ ನಗಿಸಿದರು. 2005ರಲ್ಲಿ ಪದ್ಮವಿಭೂಷಣ ಬಂತು.

ನನ್ನ ಮಗಳಿಗೆ (ಅಕ್ಕನ ಮಗಳು ನನಗೂ ಮಗಳೇ ತಾನೆ!) ಹಿಡಿಸಿದ್ದು ಪ್ರಶಸ್ತಿ ಅಲ್ಲ. “ಚಿಕ್ಕಮ್ಮ, ಅವರು ಚಿಕ್ಕವರಿದ್ದಾಗ ಕಿಟಕಿ ಪಕ್ಕ ಕೂತು ಆಚೆ ಕಂಡಿದ್ದನ್ನೆಲ್ಲ ಬರೀತಿದ್ರಂತೆ. ಒಣಗಿದ ಕಡ್ಡಿ, ಎಲೆ, ಸೌದೆ ಒಡೆಯೋ ಆಳು, ಕಾಗೆ. ಕಾಗೆ ಅಂದ್ರೆ ಅವರಿಗೆ ಪ್ರಾಣ. ನಾನೂ ದಿನಾ ಹತ್ತು ಕಾಗೆ ಬರೀತೀನಿ” ಅಂತ ಪುಸ್ತಕ ತೋರಿಸಿದಳು. ಕಾಗೆ, ಕಟ್ಟೆ ಮೇಲೆ ಕೂತ ಅಜ್ಜಂದಿರು, ಊರಿನ ಶಾಂತೀಶ್ವರ ಬಸದಿ. ಹೊಯ್ಸಳರ ಕಾಲದ ಆ ಬಸದಿ ಮುಂದೆ ನಾನು ನೂರು ಸಲ ಓಡಾಡಿದ್ದೀನಿ. ಒಂದು ದಿನವಾದರೂ ನಿಂತು ನೋಡಿದ್ದು ನೆನಪಿಲ್ಲ!

ಪಕ್ಕದಲ್ಲಿ ಎಂ.ಟಿ.ವಿ. ಆಚಾರ್ಯ. ಅಮ್ಮನ ಕಾಲದ ‘ಚಂದಮಾಮ’ ಯಾರಾದರೂ ಎತ್ತಿಟ್ಟಿದ್ದರೆ ಅದರ ಮುಖಪುಟದ ಮಹಾಭಾರತದ ಚಿತ್ರಗಳನ್ನು ನೋಡಿ. ಮುಂದೆ ಅವರು ಬೆಂಗಳೂರಿನಲ್ಲಿದ್ದುಕೊಂಡು ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಹಳ್ಳಿಯಲ್ಲಿ ಕೂತವರಿಗೂ ಪೋಸ್ಟಿನಲ್ಲಿ ಪಾಠ! ಈಗಿನ ಮಕ್ಕಳಿಗೆ ಯೂಟ್ಯೂಬ್ ಇದ್ದ ಹಾಗೆ.

ಕತ್ತರಿ ಹಿಡಿದ ಹೆಂಗಸು

ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಂಗಸರ ಫೋಟೊಗಳು. ಮೊದಲು ಒಬ್ಬ ಅಜ್ಜಿ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ. 2025ರಲ್ಲಿ, 96ರ ವಯಸ್ಸಿನಲ್ಲಿ ಪದ್ಮಶ್ರೀ ಪಡೆದ ತೊಗಲುಗೊಂಬೆ ಕಲಾವಿದೆ. ಚರ್ಮವನ್ನು ಹದ ಮಾಡಿ, ಕತ್ತರಿಸಿ, ತೂತು ಕೊರೆದು, ಬಣ್ಣ ಹಚ್ಚಿದ ಗೊಂಬೆಯನ್ನು ಬಿಳಿ ಪರದೆಗೆ ಒತ್ತಿ ಹಿಂದಿನಿಂದ ದೀಪ ಹಿಡಿದರೆ ರಾಮ, ರಾವಣ ಎಲ್ಲರೂ ಎದ್ದು ಕುಣೀತಾರೆ. ಬೊಂಬೆಯ ಕೈಕಾಲು ಬೇರೆ ಬೇರೆ ತುಂಡು, ಕೀಲಿಗೆ ದಾರ.

ಅದರ ಪಕ್ಕದಲ್ಲೇ ಒಬ್ಬ ಬಿಳಿ ಹೆಂಗಸು. ಜರ್ಮನಿಯ ಲೊಟ್ಟೆ ರೈನಿಗರ್. ಈಕೆ ಮಾಡಿದ್ದೂ ಹೆಚ್ಚು ಕಡಿಮೆ ಅದೇ! ಕಪ್ಪು ಕಾಗದವನ್ನು ಕತ್ತರಿಯಲ್ಲಿ ಕತ್ತರಿಸಿ, ಕೀಲು ಹಾಕಿ, ಕೆಳಗಿಂದ ಬೆಳಕು ಬಿಟ್ಟ ಗಾಜಿನ ಮೇಲೆ ಒಂದೊಂದೇ ಚೂರು ಸರಿಸಿ, ಒಂದೊಂದೇ ಫೋಟೊ ತೆಗೆದು, ಗ್ಯಾರೇಜಿನ ಮೇಲಿನ ಅಟ್ಟದಲ್ಲಿ ಮೂರು ವರ್ಷ ಕೂತು ಇಡೀ ಸಿನಿಮಾ ಮಾಡಿದಳು. 1926ರಲ್ಲಿ ಬಂದ ‘ದಿ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಹ್ಮದ್’. ಇವತ್ತಿಗೂ ಉಳಿದಿರೋ ಪೂರ್ಣಪ್ರಮಾಣದ ಆನಿಮೇಷನ್ ಚಿತ್ರಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಡಿಸ್ನಿಯ ‘ಸ್ನೋವೈಟ್’ ಬಂದದ್ದು ಅದಾಗಿ ಹನ್ನೊಂದು ವರ್ಷಕ್ಕೆ.

ನಮ್ಮ ದೇಶದ ಗೀತಾಂಜಲಿ ರಾವ್ ಇನ್ನೂ ಹತ್ತಿರದವರು. ಅವರ ‘ಪ್ರಿಂಟೆಡ್ ರೇನ್‌ಬೋ’ ಹದಿನೈದು ನಿಮಿಷದ ಚಿತ್ರ. ಒಂಟಿ ಮುದುಕಿ, ಅವಳ ಬೆಕ್ಕು, ಅವಳು ಕೂಡಿಟ್ಟ ಬೆಂಕಿಪೊಟ್ಟಣಗಳು. ಪೊಟ್ಟಣದ ಮೇಲಿನ ಚಿತ್ರದೊಳಗೆ ಹೊಕ್ಕು ಮುದುಕಿ ಬಣ್ಣದ ಲೋಕ ಸುತ್ತಿ ಬರ್ತಾಳೆ. ರಾವ್ ಅದನ್ನು ಕೈಯಲ್ಲೇ ಬಣ್ಣ ಹಚ್ಚಿ ಬರೆದದ್ದು. 2006ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಮೊಬೈಲಿನಲ್ಲಿ ಅದರ ಒಂದಷ್ಟು ದೃಶ್ಯ ನೋಡುವಾಗ ಅಕ್ಕನೂ ಸೌಟು ಹಿಡಿದುಕೊಂಡೇ ಬಂದು ನಿಂತಳು. “ಕಾರ್ಟೂನ್ ಅಂದ್ರೆ ಬರೀ ಬೆಕ್ಕು-ಇಲಿ ಅಂದ್ಕೊಂಡಿದ್ದೆ ಕಣೇ” ಅಂದಳು.

ಕೊನೆಯವರು ಮಾಯಾ ಕಾಮತ್. 1985ರಲ್ಲಿ ಬೆಂಗಳೂರಿನಲ್ಲಿ ‘ಗೀತಾ’ ಅನ್ನೋ ಸಂಸಾರದ ವ್ಯಂಗ್ಯಚಿತ್ರ ಸರಣಿ ಶುರು ಮಾಡಿದಾಗ ಅವರಿಗೆ ಮೂವತ್ತನಾಲ್ಕು ವರ್ಷ. ಆಮೇಲೆ ಗಂಡಸರದ್ದೇ ರಾಜ್ಯವಾಗಿದ್ದ ರಾಜಕೀಯ ವ್ಯಂಗ್ಯಚಿತ್ರಕ್ಕೆ ಕೈ ಹಾಕಿ ಗೆದ್ದರು. 2001ರಲ್ಲಿ, ಐವತ್ತಕ್ಕೇ ತೀರಿಹೋದರು. ಮೂವತ್ತನಾಲ್ಕಕ್ಕೆ ಶುರು! ಇದನ್ನು ಮಗಳಿಗಿಂತ ಹೆಚ್ಚಾಗಿ ನಾನೇ ಮನಸ್ಸಿನಲ್ಲಿ ಇಟ್ಟುಕೊಂಡೆ ಅನ್ನಿ.

ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ

ಇದೆಲ್ಲ ಸರಿ, ಹುಡುಗಾಟದ ಆಸೆಯೋ ನಿಜವಾದ ಆಸಕ್ತಿಯೋ ಅಂತ ತಿಳಿಯೋದು ಹೇಗೆ? ನನಗೆ ಕಂಡ ಉಪಾಯ ಒಂದೇ. ಮಾಡಿಸಿ ನೋಡೋದು.

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಕೈಯಲ್ಲಿ ಬರೆಯೋರು ಸಾಮಾನ್ಯವಾಗಿ ಒಂದೇ ಚಿತ್ರವನ್ನು ಎರಡು ಸಲ ತೋರಿಸಿ 12ರಲ್ಲಿ ಮುಗಿಸ್ತಾರೆ. ಆದರೂ ಒಂದು ನಿಮಿಷಕ್ಕೆ 720 ಚಿತ್ರ ಆಯಿತು, ಲೆಕ್ಕ ಹಾಕಿ! ಹಳೆಯ ಬಿಲ್ ಪುಸ್ತಕವೋ ಸಣ್ಣ ಸ್ಕ್ರಿಬ್ಲಿಂಗ್ ಪ್ಯಾಡೋ ಕೊಡಿ. ಕೊನೆಯ ಹಾಳೆಯಿಂದ ಶುರು ಮಾಡಬೇಕು. ಆಗ ಕೆಳಗಿನ ಚಿತ್ರ ಮೇಲಿನ ಹಾಳೆಯಲ್ಲಿ ಮಸುಕಾಗಿ ಕಾಣುತ್ತೆ, ಅದನ್ನು ನೋಡಿಕೊಂಡು ಚೂರು ಬದಲಿಸಿ ಬರೆಯಬೇಕು. ಮೂವತ್ತು ಹಾಳೆ ಆದಮೇಲೆ ಹೆಬ್ಬೆರಳಲ್ಲಿ ಸರ್ರನೆ ಬಿಟ್ಟರೆ ಚೆಂಡು ಪುಟಿಯುತ್ತೆ, ಕಾಗೆ ಹಾರುತ್ತೆ. ಬರೆಯೋಕೆ ಇಷ್ಟವಿಲ್ಲದ ಮಕ್ಕಳು ತಟ್ಟೆಯಲ್ಲಿ ಕಡಲೆಕಾಳು ಹರಡಿ, ಒಂದೊಂದೇ ಸರಿಸಿ ಮೊಬೈಲಿನಲ್ಲಿ ಫೋಟೊ ತೆಗೆಯಲಿ. ಗಾಜಿನ ಟೀಪಾಯಿ ಕೆಳಗೆ ಒಂದು ಬಲ್ಬ್ ಇಟ್ಟರೆ ಅದೇ ಲೈಟ್ ಟೇಬಲ್. ಕಂಪ್ಯೂಟರ್ ಇದ್ದರೆ ಕ್ರಿಟಾ, ಬ್ಲೆಂಡರ್ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ದುಡ್ಡು ಕೊಟ್ಟು ಡ್ರಾಯಿಂಗ್ ಟ್ಯಾಬ್ಲೆಟ್ ಕೊಡಿಸೋ ಮಾತು ಆಮೇಲೆ.

ನಾಲ್ಕು ದಿನಕ್ಕೆ ಬೇಜಾರಾಗಿ ಬಿಟ್ಟರೆ ಬಿಡಲಿ, ನಷ್ಟವೇನಿಲ್ಲ. ಬಿಡದೆ ಕೂತರೆ ಮಾತ್ರ ನಾವು ಕೂತು ಯೋಚನೆ ಮಾಡಬೇಕು. ಅಕ್ಕನ ಮಗಳ ಮೇಜಿನ ಕೆಳಗೆ ಇಂಥ ಹನ್ನೊಂದು ಪುಸ್ತಕ ಇದ್ದವು. ಅಕ್ಕ ಅದನ್ನು ಹಳೇ ಪೇಪರಿನವನಿಗೆ ಹಾಕಬೇಕು ಅಂತ ಇಟ್ಟಿದ್ದಳಂತೆ!

ಭಾವನ ಪ್ರಶ್ನೆ

ರಾತ್ರಿ ಊಟಕ್ಕೆ ಕೂತಾಗ ಭಾವ ಮೊದಲ ಸಲ ಬಾಯಿಬಿಟ್ಟರು. “ಈಗ ಕಂಪ್ಯೂಟರೇ ಚಿತ್ರ ಬರೆಯುತ್ತಂತೆ. ಇವಳಿಗೆ ಯಾರು ಕೆಲಸ ಕೊಡ್ತಾರಮ್ಮ?”

ತಪ್ಪು ಪ್ರಶ್ನೆ ಏನಲ್ಲ. ಸುಳ್ಳು ಧೈರ್ಯ ಹೇಳೋದು ನನಗೂ ಇಷ್ಟವಿರಲಿಲ್ಲ. ಆನಿಮೇಷನ್, ಗೇಮಿಂಗಿಗೆ ಅಂತಲೇ ದೇಶದಲ್ಲಿ ಮೊದಲು ನೀತಿ ತಂದದ್ದು ನಮ್ಮ ರಾಜ್ಯ, 2012ರಲ್ಲಿ. ಬೆಂಗಳೂರಿನಲ್ಲಿ ಸ್ಟುಡಿಯೊಗಳು ಬಹಳ ಇವೆ. ಹಾಗೆಯೇ 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಅನ್ನೋ ದೊಡ್ಡ ಕಂಪನಿ ಬಾಗಿಲು ಹಾಕಿ ಬೆಂಗಳೂರಿನಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡದ್ದೂ ನಿಜ. ಎರಡನ್ನೂ ಹೇಳಿದೆ. ಇಂಜಿನಿಯರಿಂಗ್ ಓದಿದವರ ಕಥೆಯೂ ಈಗ ಅಷ್ಟೇ ಅಲ್ವಾ ಭಾವ ಅಂದಿದ್ದಕ್ಕೆ ಅವರು ಉತ್ತರ ಕೊಡಲಿಲ್ಲ, ಸಾರು ಹಾಕಿಸಿಕೊಂಡರು.

ಒಂದು ಎಚ್ಚರಿಕೆ ಮಾತ್ರ ಎಲ್ಲ ತಾಯಂದಿರಿಗೂ ಹೇಳಬೇಕು. ‘ಆರು ತಿಂಗಳ ಆನಿಮೇಷನ್ ಕೋರ್ಸು, ಕೆಲಸ ಗ್ಯಾರಂಟಿ’ ಅಂತ ಬೋರ್ಡ್ ಹಾಕಿರೋ ಕಡೆ ಕಣ್ಣುಮುಚ್ಚಿ ದುಡ್ಡು ಕಟ್ಟಬೇಡಿ. ನಮ್ಮ ಬೀದಿಯವರೊಬ್ಬರು ಹೀಗೆ ಸಾಲ ಮಾಡಿ ಕಟ್ಟಿದರು. ಮಗ ಸಾಫ್ಟ್‌ವೇರಿನ ಬಟನ್ ಒತ್ತೋದು ಕಲಿತು ಬಂದ, ಚಿತ್ರ ಬರೆಯೋದು ಕಲಿಯಲಿಲ್ಲ. ಪ್ರಮಾಣಪತ್ರ ಯಾವ ವಿಶ್ವವಿದ್ಯಾಲಯದ್ದು, ಹೋದ ವರ್ಷದ ಮಕ್ಕಳು ಮಾಡಿದ ಕೆಲಸ ತೋರಿಸಿ ಅಂತ ಕೇಳಿ. ತೋರಿಸೋಕೆ ಹಿಂದೇಟು ಹಾಕಿದರೆ ಎದ್ದು ಬನ್ನಿ. ಪಿಯುಸಿ ಆದಮೇಲೆ ನಾಲ್ಕು ವರ್ಷದ ದೃಶ್ಯಕಲಾ ಪದವಿ, ಅಂದರೆ ಬಿವಿಎ ಇದೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಎರಡೂ ಹೆಸರಾದವು. ಪರಿಷತ್ತು ವರ್ಷಾ ವರ್ಷಾ ನಡೆಸೋ ಚಿತ್ರಸಂತೆ ಜನವರಿಯಲ್ಲಿ ಬರುತ್ತೆ, ಮಕ್ಕಳನ್ನು ಒಮ್ಮೆ ಕರ್ಕೊಂಡು ಹೋಗಿ. ಚಿತ್ರ ಬರೆದು ಬದುಕೋರು ಎಷ್ಟೊಂದು ಜನ ರಸ್ತೆಯಲ್ಲಿ ಸಾಲಾಗಿ ಕೂತಿರ್ತಾರೆ, ಮಾತಾಡಿಸಿದರೆ ಕಷ್ಟಸುಖ ಎರಡನ್ನೂ ಹೇಳ್ತಾರೆ.

ತಮಾಷೆ ಏನು ಗೊತ್ತಾ? ತುಮಕೂರಿನ ಪಕ್ಕದ ಕೈದಾಳ ನಮ್ಮ ಜಕಣಾಚಾರಿಯ ಊರು ಅಂತ ಎದೆಯುಬ್ಬಿಸಿ ಹೇಳೋರು ನಾವು. ಗುಬ್ಬಿ ವೀರಣ್ಣನವರ ನಾಟಕ ನೋಡಿದ್ದನ್ನು ಅಜ್ಜಂದಿರು ಇವತ್ತಿಗೂ ಹೇಳ್ತಾರೆ. ಮನೆ ಮಗಳು ಬ್ರಷ್ ಹಿಡೀತೀನಿ ಅಂದರೆ ಮಾತ್ರ ಮನೆಯಲ್ಲಿ ಸೂತಕ!

ಮಾರನೇ ದಿನ ಬೆಳಿಗ್ಗೆ ಭಾವ ಹಿತ್ತಲಲ್ಲಿ ತೆಂಗಿನಕಾಯಿ ಸುಲೀತಾ ಕೂತಿದ್ದರು. ಮಗಳು ಬಾಗಿಲಲ್ಲಿ ಕೂತು ಬರೀತಿದ್ದಳು. ಅರ್ಧ ಗಂಟೆ ಆದಮೇಲೆ ಅವರೇ ಎದ್ದು ಬಂದು ಪುಸ್ತಕ ಇಸ್ಕೊಂಡರು. ಒಂದೊಂದೇ ಹಾಳೆಯಲ್ಲಿ ಬಗ್ಗೋ ಭಾವ, ಏಳೋ ಭಾವ, ಮಟ್ಟೆ ಎಸೆಯೋ ಭಾವ. ಹೆಬ್ಬೆರಳಲ್ಲಿ ಬಿಟ್ಟು ನೋಡಿದರು. ಇನ್ನೊಂದು ಸಲ ನೋಡಿದರು. “ನನ್ನ ಹೊಟ್ಟೆ ಇಷ್ಟು ದಪ್ಪ ಇದೆಯೇನೇ?” ಅಂದರು.

ಒಪ್ಪಿಬಿಟ್ಟರು ಅಂದುಕೋಬೇಡಿ. “ಸಿಇಟಿ ರ‍್ಯಾಂಕ್ ಬರಲಿ. ಇದಕ್ಕೂ ಒಂದು ಅರ್ಜಿ ಹಾಕಿರಲಿ. ಆಮೇಲೆ ನೋಡೋಣ” ಅಂದರು, ಅಷ್ಟೇ. ಪೋಷಕರ ಸಹಿ ಜಾಗದಲ್ಲಿ ಕೊನೆಗೆ ಸಹಿ ಹಾಕಿದ್ದು ಅಕ್ಕ. ಪೆನ್ನು ಹುಡುಕಿ ಕೊಟ್ಟಿದ್ದು ಭಾವ.