ಎರಡಾಣೆಯ ಲೆಕ್ಕ

ಹಣದ ವ್ಯವಹಾರದಲ್ಲಿ ಬಾಳು ಸವೆಸಿದವರ ಜೀವನದಲ್ಲಿ ಸಾಹಿತ್ಯಾಸಕ್ತರಿಗೆ ಹಿಡಿಸುವಂಥದು ಏನಿದ್ದೀತು ಎಂದು ನೀವು ಕೇಳಬಹುದು. ಖಾತೆ, ಕಿರ್ದಿ, ಬಡ್ಡಿ, ಜಪ್ತಿ—ಈ ಮಾತುಗಳು ನಮ್ಮ ಕಥೆ ಕಾದಂಬರಿಗಳಲ್ಲಿ ಬಹುಮಟ್ಟಿಗೆ ಬಡವನ ಕಣ್ಣೀರಿನೊಡನೆಯೇ ಬಂದಿವೆ. ನಾನು ಹುಟ್ಟಿ ಬೆಳೆದ ಮಲ್ಲಟದಲ್ಲಿಯೂ ಹಾಗೆಯೇ. ಕೃಷ್ಣೆ ತುಂಗಭದ್ರೆಯರ ನಡುವಣ ಎಡೆದೊರೆ ನಾಡಿನ ಊರು ಅದು. ಒಂದು ಕಡೆಗೆ ದೇವದುರ್ಗ, ಇನ್ನೊಂದು ಕಡೆಗೆ ಮಾನ್ವಿ. ಎರಡು ಹೊಳೆಗಳ ನಡುವೆ ಇದ್ದೂ ಮುಗಿಲನ್ನೇ ನೋಡುತ್ತಿದ್ದ ಹೊಲಗಳು ನಮ್ಮವು. ಬಿತ್ತನೆಯ ಕಾಲಕ್ಕೆ ನನ್ನ ತಂದೆ ಸಾವುಕಾರರ ಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದುದು ನನಗೆ ನೆನಪಿದೆ. ಅಡವಿಡಲು ಅವರ ಬಳಿ ಉಳಿದಿದ್ದುದು ಕೊಟ್ಟ ಮಾತೊಂದೇ. ಆ ಮಾತಿಗೆ ಬೆಲೆ ಎಷ್ಟು ಎಂಬುದನ್ನು ನಿರ್ಧರಿಸುತ್ತಿದ್ದವರು ಸಾವುಕಾರರು. ಬರೆದುಕೊಂಡ ಲೆಕ್ಕವನ್ನು ಓದಿ ನೋಡುವ ಅಕ್ಷರ ನನ್ನ ತಂದೆಯವರಿಗೆ ಇರಲಿಲ್ಲ.

ಅಡವಿಡಲು ಏನೂ ಇಲ್ಲದವನನ್ನು ನಂಬಿ ಹಣ ಕೊಡುವುದು ಸಾಧ್ಯವೇ? ಈ ಪ್ರಶ್ನೆ ನಮ್ಮೊಬ್ಬರದಲ್ಲ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಫ್ರೀಡ್ರಿಷ್ ರೈಫೈಸನ್ ಎಂಬ ಹಳ್ಳಿಗಾಡಿನ ಆಡಳಿತಗಾರರು ಇದೇ ಪ್ರಶ್ನೆಯನ್ನು ಎದುರಿಸಿದರು. ಊರಿನವರು ಒಬ್ಬರಿಗೊಬ್ಬರು ಜಾಮೀನಾಗಿ ನಿಲ್ಲುವ ಸಾಲದ ಸಂಘವೇ ಅವರು ಕಂಡುಕೊಂಡ ಉತ್ತರ. ಆ ಮಾದರಿಯ ಪ್ರಭಾವ 1904ರ ನಮ್ಮ ಸಹಕಾರಿ ಕಾಯಿದೆಯ ಮೇಲೂ ಆಯಿತು. ಮರುವರ್ಷ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘವೊಂದನ್ನು ಕಟ್ಟಿದರು. ಆದರೆ ಇದೇ ಪ್ರಶ್ನೆಗೆ ಕನ್ನಡನಾಡಿನ ಕಡಲಕರೆಯಲ್ಲಿ ಇನ್ನೊಂದು ಬಗೆಯ ಉತ್ತರ ಸಿದ್ಧವಾಯಿತು. ಆ ಉತ್ತರವನ್ನು ಬ್ಯಾಂಕಿನಿಂದ ದೆಹಲಿಯ ಮಂತ್ರಿಮಂಡಲದವರೆಗೆ ಕೊಂಡೊಯ್ದವರು ತೋನ್ಸೆ ಅನಂತ ಪೈ. ಜನ ಅವರನ್ನು ಟಿ.ಎ. ಪೈ ಎಂದೇ ಬಲ್ಲರು.

ಪೈಯವರು ಹುಟ್ಟಿದ್ದು 1922ರಲ್ಲಿ. ಅವರು ಮೂರು ವರ್ಷದ ಮಗುವಾಗಿದ್ದಾಗ, 1925ರಲ್ಲಿ, ಅವರ ತಂದೆ ಉಪೇಂದ್ರ ಪೈ, ಚಿಕ್ಕಪ್ಪ ಡಾಕ್ಟರ್ ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವ ಈ ಮೂವರು ಸೇರಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ತೆರೆದರು. ಮೂಲ ಬಂಡವಾಳ ಎಂಟು ಸಾವಿರ ರೂಪಾಯಿ. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗುವುದು ಅದರ ಆರಂಭದ ಉದ್ದೇಶಗಳಲ್ಲೊಂದು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಮನುಷ್ಯ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆ ಪಡೆದು ಬರೆದುಕೊಡುವ ವ್ಯವಸ್ಥೆ ಅದು. ಇದರ ಮಹತ್ವ ಎರಡಾಣೆಯಲ್ಲಿಲ್ಲ, ಬರೆದುಕೊಡುವುದರಲ್ಲಿದೆ. ಸಾವುಕಾರರ ಕಟ್ಟೆಯಲ್ಲಿ ಲೆಕ್ಕ ಅವರ ಪೆಟ್ಟಿಗೆಯೊಳಗಿರುತ್ತಿತ್ತು. ಇಲ್ಲಿ ಮೀನು ಮಾರುವ ಹೆಂಗಸಿನ ಕೈಯಲ್ಲಿಯೇ ಆಕೆಯ ಲೆಕ್ಕ ಇತ್ತು. ದಿನವೂ ಉಳಿಸಿದವಳ ಮಾತನ್ನು ನಂಬಬಹುದು ಎಂಬುದಕ್ಕೆ ಆ ಲೆಕ್ಕವೇ ಸಾಕ್ಷಿ.

ಮುಂಬಯಿಯಲ್ಲಿ ವಾಣಿಜ್ಯಶಾಸ್ತ್ರವನ್ನು ಓದಿ ಬಂದ ಟಿ.ಎ. ಪೈಯವರು ಇಪ್ಪತ್ತರ ಹರೆಯದಲ್ಲಿಯೇ ಈ ಬ್ಯಾಂಕಿನ ಆಡಳಿತದ ಹೊಣೆ ಹೊತ್ತರು. ಪಿಗ್ಮಿ ಅವರ ಕಲ್ಪನೆಯಲ್ಲ, ಹಿರಿಯರದು. ಆದರೆ ಹನಿಹನಿಯಾಗಿ ಕೂಡಿದ ಹಣ ಮತ್ತೆ ಯಾರ ಕೈಗೆ ಹೋಗಬೇಕು ಎಂಬ ಪ್ರಶ್ನೆ ಅವರ ಕಾಲದ್ದು. ಹಳ್ಳಿಯವರಿಂದ ಕೂಡಿಸಿ ಪಟ್ಟಣದ ಗಿರಣಿಗೆ ಕೊಡುವುದು ಬ್ಯಾಂಕುಗಳಿಗೆ ಸುಲಭದ ದಾರಿ. ಸಿಂಡಿಕೇಟ್ ಬ್ಯಾಂಕು ಹಳ್ಳಿಗಳಲ್ಲಿ ಶಾಖೆ ತೆರೆಯಿತು. ರೈತನಿಗೂ ಸಣ್ಣ ಕಸುಬುದಾರನಿಗೂ ಸಾಲ ಕೊಟ್ಟು ಹೆಸರಾಯಿತು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡಾಗ ಅವುಗಳಲ್ಲಿ ಸಿಂಡಿಕೇಟ್ ಬ್ಯಾಂಕೂ ಇತ್ತು. ತಮ್ಮ ಮನೆತನ ಕಟ್ಟಿದ ಸಂಸ್ಥೆ ಸರಕಾರದ್ದಾದ ಮೇಲೂ ಪೈಯವರು ಅದರ ಮೇಲ್ವಿಚಾರಣೆ ನಡೆಸಿದರು.

ಅಷ್ಟರಲ್ಲಿಯೇ ಅವರು ಬ್ಯಾಂಕಿನ ಗೋಡೆ ದಾಟಿದ್ದರು. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದರು. ಆಮೇಲೆ ಜೀವವಿಮಾ ನಿಗಮದ ಅಧ್ಯಕ್ಷರಾದರು. 1972ರಲ್ಲಿ ಕೇಂದ್ರದ ರೈಲ್ವೆ ಮಂತ್ರಿಯಾದರು. ತರುವಾಯ ಭಾರಿ ಕೈಗಾರಿಕೆ, ಕೈಗಾರಿಕೆ ಮತ್ತು ನಾಗರಿಕ ಪೂರೈಕೆಯ ಖಾತೆಗಳನ್ನು ವಹಿಸಿಕೊಂಡರು. ‘ಖಾತೆ’ ಎಂಬ ಶಬ್ದ ನಮ್ಮ ನುಡಿಯಲ್ಲಿ ಬ್ಯಾಂಕಿಗೂ ಮಂತ್ರಿಗೂ ಸಮಾನವಾಗಿ ಸಲ್ಲುತ್ತದೆ. ಆದರೆ ಬ್ಯಾಂಕಿನ ಖಾತೆಯನ್ನು ಕೇಳಿದವನಿಗೆ ತೋರಿಸಲೇಬೇಕು. ಅಧಿಕಾರದ ಖಾತೆಯನ್ನು ಮುಚ್ಚಿಡುವ ಆಸೆ ಆಳುವವರಿಗೆ ಸದಾ ಇರುತ್ತದೆ. ಪೈಯವರ ಜೀವನದ ಕಠಿಣ ಪರೀಕ್ಷೆ ನಡೆದುದು ಇಲ್ಲಿಯೇ.

1975ರ ಮೊದಲ ತಿಂಗಳುಗಳಲ್ಲಿ, ಪ್ರಧಾನಿ ಇಂದಿರಾ ಗಾಂಧಿಯವರ ಮಗ ಸಂಜಯ ಗಾಂಧಿ ನಡೆಸುತ್ತಿದ್ದ ಮಾರುತಿ ಕಾರಿನ ಕಂಪನಿಯ ಬಗ್ಗೆ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಬಂದಿತು. ಉತ್ತರಕ್ಕೆ ಬೇಕಾದ ವಿವರಗಳನ್ನು ಕೆಲವು ಅಧಿಕಾರಿಗಳು ಕಲೆಹಾಕತೊಡಗಿದರು. ಅವರಲ್ಲಿ ಪೈಯವರ ಇಲಾಖೆಯವರೂ ಇದ್ದರು. ಅದು ಅವರ ಕರ್ತವ್ಯವಾಗಿತ್ತು. ಆದರೆ ಆ ಅಧಿಕಾರಿಗಳ ಮೇಲೆಯೇ ಸಿ.ಬಿ.ಐ. ತನಿಖೆ ನಡೆಯಿತು, ಮನೆಗಳ ಶೋಧನೆ ನಡೆಯಿತು. ತುರ್ತುಪರಿಸ್ಥಿತಿ ಮುಗಿದ ಮೇಲೆ 1977ರಲ್ಲಿ ಷಾ ಆಯೋಗ ವಿಚಾರಣೆ ಆರಂಭಿಸಿದಾಗ ಪೈಯವರು ಅದರ ಮುಂದೆ ಹೋಗಿ ಸಾಕ್ಷ್ಯ ನುಡಿದರು. ಈ ವಿಷಯದಲ್ಲಿ ಪ್ರಧಾನಿ ತಮ್ಮೆದುರು ಕೋಪಗೊಂಡಿದ್ದರೆಂಬುದನ್ನೂ ಮರೆಮಾಚಲಿಲ್ಲ. ಆಗ ಅವರು ಉಡುಪಿಯಿಂದ ಅದೇ ಕಾಂಗ್ರೆಸ್ಸಿನ ಪರವಾಗಿ ಲೋಕಸಭೆಗೆ ಆರಿಸಿ ಬಂದಿದ್ದ ಸದಸ್ಯರು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಅಧಿಕಾರಿಗಳ ಮನೆ ಶೋಧಿಸಿದಾಗ ಮಂತ್ರಿ ರಾಜೀನಾಮೆ ಏಕೆ ಕೊಡಲಿಲ್ಲ? ತುರ್ತುಪರಿಸ್ಥಿತಿಯ ಉದ್ದಕ್ಕೂ ಪದವಿಯಲ್ಲಿ ಏಕೆ ಉಳಿದರು? ಈ ಆಕ್ಷೇಪಣೆ ನ್ಯಾಯವಾದದ್ದೇ; ಅದನ್ನು ಅಳಿಸಲು ನನಗೆ ಮನಸ್ಸಿಲ್ಲ. ಎರಡು ವರ್ಷ ತಡವಾಗಿ ಒಪ್ಪಿಸಿದ ಲೆಕ್ಕ ಅದು. ಆದರೆ ಎಷ್ಟೋ ಜನ ಎಂದೆಂದಿಗೂ ಒಪ್ಪಿಸದಿದ್ದ ಲೆಕ್ಕವೂ ಹೌದು. ತನ್ನ ಕೈಕೆಳಗಿನವರು ಮಾಡಿದ್ದು ಸರಿಯಾದ ಕೆಲಸ ಎಂದು ಎಲ್ಲರೆದುರು ಹೇಳುವ ಮಂತ್ರಿಗಳು ನಮ್ಮಲ್ಲಿ ಹೆಚ್ಚಿಲ್ಲ. ಪೈಯವರು 1981ರಲ್ಲಿ ತೀರಿಕೊಂಡರು. ಅರವತ್ತು ಕೂಡ ತುಂಬಿರಲಿಲ್ಲ.

ಅವರು ಮುನ್ನಡೆಸಿದ ಬ್ಯಾಂಕಿನ ಹೆಸರು ಈಗ ಫಲಕಗಳ ಮೇಲಿಲ್ಲ. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಆದರೆ ದೇಶದ ಮೊದಲ ಗ್ರಾಮೀಣ ಬ್ಯಾಂಕನ್ನು 1975ರ ಅಕ್ಟೋಬರ್ 2ರಂದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಹುಟ್ಟುಹಾಕಿದ್ದು ಸಿಂಡಿಕೇಟ್ ಬ್ಯಾಂಕೇ. ಮರುವರ್ಷ ಕೆನರಾ ಬ್ಯಾಂಕಿನ ಆಶ್ರಯದಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕು ಆರಂಭವಾಗಿ, ನಮ್ಮ ರಾಯಚೂರು ಜಿಲ್ಲೆಯ ಹಳ್ಳಿಗಳಿಗೂ ಬಂದಿತು. ಕಡಲಕರೆಯಲ್ಲಿ ಮೊದಲಾದ ವಿಚಾರವೊಂದು ಹೀಗೆ ಘಟ್ಟ ಹತ್ತಿ ಎರೆನೆಲದವರೆಗೆ ನಡೆದು ಬಂದಿತು.

ಅಷ್ಟಾದರೂ ಹಳೆಯ ಪ್ರಶ್ನೆ ತೀರಿಲ್ಲ. ಇಂದು ನಮ್ಮ ಕಡೆಯ ಹಳ್ಳಿಗಳಲ್ಲಿ ವಾರದ ಕಂತು ವಸೂಲಿಗೆ ಬರುವವರ ಕಾಲಸಪ್ಪಳ ಕೇಳಿದರೆ ಹೆಣ್ಣುಮಕ್ಕಳು ಬಾಗಿಲು ಮುಂದೆ ಮಾಡಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಸಣ್ಣ ಸಾಲದ ವಸೂಲಿಯಲ್ಲಿ ನಡೆಯುವ ಕಿರುಕುಳವನ್ನು ತಡೆಯಲು ಕರ್ನಾಟಕ ಸರಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. 1928ರಲ್ಲಿ ಉಡುಪಿಯ ಬಾಗಿಲುಗಳಿಗೆ ಬಂದವನೂ ಹಣ ಕೇಳಲೆಂದೇ ಬಂದವನು. ಅವನು ಆಕೆಯ ಉಳಿತಾಯವನ್ನು ಕೇಳಿದ, ಇವನು ಆಕೆಯ ಸಾಲವನ್ನು ಕೇಳುತ್ತಾನೆ. ಇಬ್ಬರ ನಡುವಣ ಈ ಅಂತರ ತಿಳಿದವರು ಹಣಕಾಸಿನ ಅಧಿಕಾರದಲ್ಲಿದ್ದರೆ ನನ್ನ ತಂದೆಯಂಥವರು ಕಟ್ಟೆಯ ಮೇಲೆ ಕಾಯುವುದು ತಪ್ಪೀತು.